ಪ್ರಾಣ ಕಾಯುವ ಐದಕ್ಷರ

ಛಂದಸ್ಸನ್ನು ಓದಿದವರಿಗೆ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಮರೆಯುವುದಿಲ್ಲ. ಬೇಕಾದ ಗಣದ ಅಕ್ಷರವನ್ನು ಹಿಡಿದು ಮುಂದಿನ ಎರಡನ್ನು ಕೂಡಿಸಿಕೊಂಡರೆ ಗುರುಲಘುಗಳ ಕ್ರಮ ತಾನಾಗಿ ದೊರೆಯುತ್ತದೆ. ಅದನ್ನು ತಪ್ಪಿದ ಹುಡುಗನಿಗೆ ಎರಡು ಅಂಕ ಹೋದೀತು, ಅಷ್ಟೆ.

ವೈದ್ಯ ವಿದ್ಯಾರ್ಥಿಗಳಿಗೂ ಇಂತಹ ಸೂತ್ರಗಳು ಬೇಕಾದಷ್ಟುಂಟು. ನರಗಳ ಹೆಸರಿಗೊಂದು, ಮೂಳೆಗಳ ಹೆಸರಿಗೊಂದು. ಆದರೆ ಹಠಾತ್ತಾಗಿ ಪ್ರಾಣಾಪಾಯಕ್ಕೆ ಸಿಲುಕಿದ ರೋಗಿಯ ಎದುರಿನಲ್ಲಿ ಬೇಕಾಗುವ ಸೂತ್ರದ ಮಾತೇ ಬೇರೆ. ಅದು ಇಂಗ್ಲಿಷ್ ವರ್ಣಮಾಲೆಯ ಮೊದಲ ಐದಕ್ಷರ: ಎ, ಬಿ, ಸಿ, ಡಿ, ಇ.

‘ಎ’ ಎಂದರೆ ಏರ್‌ವೇ, ಉಸಿರು ಹೋಗುವ ದಾರಿ. ‘ಬಿ’ ಬ್ರೀದಿಂಗ್, ಉಸಿರಾಟ. ‘ಸಿ’ ಸರ್ಕ್ಯುಲೇಷನ್, ರಕ್ತಸಂಚಾರ. ‘ಡಿ’ ಎಂಬುದು ಮಿದುಳಿನ ಎಚ್ಚರವನ್ನು ನೋಡುವುದು. ‘ಇ’ ಬಟ್ಟೆ ಸರಿಸಿ ಮೈಯೆಲ್ಲ ಪರೀಕ್ಷಿಸುವುದು. ಇಲ್ಲಿ ನೆನಪಿಡಬೇಕಾದುದು ಹೆಸರುಗಳನ್ನಲ್ಲ, ಅವುಗಳ ಅನುಕ್ರಮವನ್ನು. ಯಾವುದು ಬೇಗ ಕೊಲ್ಲುವುದೋ ಅದನ್ನು ಮೊದಲು ನೋಡಬೇಕು. ಮುರಿದ ಕಾಲು ಕಣ್ಣನ್ನು ಸೆಳೆಯುತ್ತದೆ; ಎಚ್ಚರ ತಪ್ಪಿದವನ ನಾಲಗೆ ಹಿಂದಕ್ಕೆ ಬಿದ್ದು ಗಂಟಲು ಕಟ್ಟಿದುದು ಯಾರಿಗೂ ಕಾಣುವುದಿಲ್ಲ. ಆದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯುವುದು ಗಂಟಲೇ. ಆದುದರಿಂದ ‘ಎ’ಯನ್ನು ಸರಿಪಡಿಸದೆ ‘ಬಿ’ಗೆ ಹೋಗುವಂತಿಲ್ಲ.

ಗಾಯಾಳುಗಳ ವಿಷಯದಲ್ಲಿ ಈ ಕ್ರಮ ನೆಲೆಯೂರಿದುದರ ಹಿಂದೆ ಒಂದು ದುರಂತವಿದೆ. 1976ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆವೈದ್ಯರು ನಡೆಸುತ್ತಿದ್ದ ಸಣ್ಣ ವಿಮಾನ ಹೊಲದಲ್ಲಿ ಬಿದ್ದಿತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಪೆಟ್ಟು. ಅವರನ್ನು ಕರೆದೊಯ್ದ ಊರಿನ ಆಸ್ಪತ್ರೆಯಲ್ಲಿ ದೊರೆತ ಚಿಕಿತ್ಸೆಯ ಕ್ರಮವನ್ನು ಕಂಡು ಸ್ಟೈನರ್ ಕಳವಳಗೊಂಡರು. ಅವರೂ ಅವರ ಗೆಳೆಯರೂ ಸೇರಿ ರೂಪಿಸಿದ ಶಿಕ್ಷಣಕ್ರಮ 1978ರಲ್ಲಿ ಆರಂಭವಾಯಿತು. ಇಂದು ಅದನ್ನು ನಮ್ಮ ದೇಶದಲ್ಲಿಯೂ ಕಲಿಸುತ್ತಾರೆ.

ಸೂತ್ರವೆಂದರೆ ಕಲ್ಲಿನ ಬರಹವೆಂದು ನಂಬುವ ನಮ್ಮಂತಹ ಪಂಡಿತರಿಗೆ ಮುಂದಿನ ಸಂಗತಿ ಸೋಜಿಗ. ಹೃದಯ ನಿಂತುಹೋದವರ ವಿಷಯದಲ್ಲಿ 2010ರಲ್ಲಿ ಅಮೆರಿಕದ ಹೃದ್ರೋಗ ಸಂಘದವರು ‘ಎ, ಬಿ, ಸಿ’ಯನ್ನು ‘ಸಿ, ಎ, ಬಿ’ ಎಂದು ತಿರುಗಿಸಿದರು. ಹೃದಯ ಥಟ್ಟನೆ ನಿಂತಾಗ ರಕ್ತದಲ್ಲಿ ಸ್ವಲ್ಪ ಹೊತ್ತು ಆಮ್ಲಜನಕ ಉಳಿದಿರುತ್ತದೆ. ಅದನ್ನು ಮಿದುಳಿಗೆ ಮುಟ್ಟಿಸಬೇಕಾದರೆ ತಡಮಾಡದೆ ಎದೆಯನ್ನು ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಬಾಯಿ ತೆರೆದು ಉಸಿರು ಕೊಡಲು ಅಣಿಯಾಗುವುದರಲ್ಲೇ ಆ ಹೊತ್ತು ಕಳೆದುಹೋಗುತ್ತಿತ್ತು. ಇನ್ನು ಗಾಯದಿಂದ ರಕ್ತ ಧಾರೆಯಾಗಿ ಸುರಿಯುತ್ತಿದ್ದರೆ ಅದನ್ನು ತಡೆಯುವುದೇ ಮೊದಲೆಂದು ಈಚೆಗೆ ‘ಎ’ಗೂ ಮುಂದೆ ‘ಎಕ್ಸ್’ ಬಂದು ಕುಳಿತಿದೆ.

ಬಾಯಿಪಾಠ ಮಾಡಿದ ಹುಡುಗ ಇಲ್ಲಿ ತಬ್ಬಿಬ್ಬಾಗುತ್ತಾನೆ. ಕಾರಣ ಬಲ್ಲವನಿಗೆ ತೊಡಕಿಲ್ಲ. ಕೆರೆಯಲ್ಲಿ ಮುಳುಗಿದವನನ್ನು ತಂದು ಮಲಗಿಸಿದರೆ ಅವನು ಮತ್ತೆ ‘ಎ’ಯಿಂದಲೇ ತೊಡಗುತ್ತಾನೆ. ಅಲ್ಲಿ ಮೊದಲು ನಿಂತದ್ದು ಉಸಿರು, ಹೃದಯ ಆಮೇಲೆ.