ಗೊಬ್ಬರ ಹಾಕಿದರೂ ಎಲೆಯಂಚು ಏಕೆ ಸುಡುತ್ತದೆ?

ನಿಮ್ಮ ಹಿತ್ತಲಿನ ಟೊಮ್ಯಾಟೊ ಗಿಡದ ಕೆಳಗಿನ ಹಳೆಯ ಎಲೆಗಳನ್ನು ಒಮ್ಮೆ ನೋಡಿ. ಅಂಚು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ ಸುಟ್ಟಂತೆ ಕಾಣುತ್ತಿದೆಯೇ? ಹಾಗಿದ್ದರೆ ಗಿಡಕ್ಕೆ ಪೊಟ್ಯಾಸಿಯಂ ಸಾಲುತ್ತಿಲ್ಲದಿರಬಹುದು. ಕೂಡಲೇ ಅಂಗಡಿಗೆ ಹೋಗಿ ಪೊಟ್ಯಾಷ್ ತರಬೇಡಿ, ಸ್ವಲ್ಪ ತಡೆಯಿರಿ.

ಹೆಚ್ಚಿನ ಮಣ್ಣಿನಲ್ಲಿ ಪೊಟ್ಯಾಸಿಯಂಗೆ ಬರವಿಲ್ಲ. ಆದರೆ ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಅಭ್ರಕ, ಫೆಲ್ಡ್‌ಸ್ಪಾರ್‌ನಂಥ ಖನಿಜಗಳೊಳಗೆ ಸೇರಿಕೊಂಡಿರುತ್ತದೆ. ಬೇರಿಗೆ ಸುಲಭವಾಗಿ ಸಿಗುವುದು ಶೇಕಡಾ 1–2ರಷ್ಟೇ. ನೀವು ಹಾಕಿದ ಗೊಬ್ಬರ ಈ ಸಣ್ಣ ಪಾಲಿಗೆ ಸೇರುತ್ತದೆಯೋ ಇಲ್ಲವೋ ಎಂಬುದು ಮಣ್ಣಿನ ಗುಣಕ್ಕೆ ಬಿಟ್ಟದ್ದು.

ಮದುವೆಮನೆಯ ಚಿರೋಟಿ ನೆನಪಿಸಿಕೊಳ್ಳಿ. ಕೆಲವು ಜೇಡಿಕಣಗಳ ರಚನೆ ಹಾಗೆಯೇ, ಪದರದ ಮೇಲೆ ಪದರ. ವರ್ಮಿಕ್ಯುಲೈಟ್ ಎಂಬ ಜೇಡಿಯಲ್ಲಿ ಪದರಗಳ ನಡುವಿನ ಕುಳಿಗೆ ಪೊಟ್ಯಾಸಿಯಂ ಅಳತೆ ಮಾಡಿದಂತೆ ಕೂರುತ್ತದೆ, ಪದರಗಳು ಮುಚ್ಚಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಹತ್ತಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಸಿಯೆರಾ ನೆವಾಡದ ಗ್ರಾನೈಟ್‌ನಿಂದ ಬಂದ ಅಲ್ಲಿನ ಮಣ್ಣು ಹಾಕಿದ ಪೊಟ್ಯಾಷನ್ನು ನುಂಗಿ ಕೂರುತ್ತಿತ್ತು, ಹತ್ತಿ ಸೊರಗುತ್ತಿತ್ತು.

ಮರಳಿನ ಕಥೆ ತದ್ವಿರುದ್ಧ. ಅದು ಏನನ್ನೂ ಹಿಡಿದಿಡುವುದಿಲ್ಲ, ನೀರಿನ ಜೊತೆ ಗೊಬ್ಬರವೂ ಕೆಳಗಿಳಿದುಬಿಡುತ್ತದೆ. ಗಲ್ಫ್‌ನಲ್ಲಿರುವವರು ಒಂದೇ ಸಲ ಹಿಡಿ ತುಂಬ ಹಾಕುವ ಬದಲು ಚಿಟಿಕೆ ಚಿಟಿಕೆಯಾಗಿ ಹಲವು ಬಾರಿ ಹಾಕಿ, ಕಾಂಪೋಸ್ಟ್ ಬೆರೆಸಿ.

ಇಲ್ಲಿ ಬೂದಿಯ ವಿಷಯ ಹೇಳಲೇಬೇಕು. ಊರಲ್ಲಿ ಅಜ್ಜಿ ತೆಂಗಿನ ಬುಡಕ್ಕೆ ಒಲೆಬೂದಿ ಹಾಕುತ್ತಿದ್ದರಲ್ಲ, ಅದು ಸರಿಯಾದ ಲೆಕ್ಕವೇ. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ, ಮೇಲಾಗಿ ಜೋರುಮಳೆಗೆ ಪೊಟ್ಯಾಸಿಯಂ ತೊಳೆದುಹೋಗಿರುತ್ತದೆ; ಬೂದಿಯಲ್ಲಿ ಪೊಟ್ಯಾಸಿಯಂ ಇದೆ, ಕ್ಷಾರವೂ ಇದೆ. ಅದೇ ಬೂದಿಯನ್ನು ದುಬೈನ ಸುಣ್ಣದಂಶದ ಕ್ಷಾರ ಮಣ್ಣಿಗೆ ಹಾಕಿದರೆ ಕಬ್ಬಿಣ, ಸತುವು ಗಿಡಕ್ಕೆ ಇನ್ನೂ ದುರ್ಲಭವಾಗುತ್ತವೆ.

ಇನ್ನೊಂದು ಮಾತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಪೊಟ್ಯಾಸಿಯಂ ಬಹುಪಾಲು ಮಣ್ಣುಕಣಗಳ ಸುತ್ತಲಿನ ತೆಳುವಾದ ನೀರಿನ ಪೊರೆಯಲ್ಲಿ ತೆವಳಿಕೊಂಡು ಬೇರನ್ನು ತಲುಪುತ್ತದೆ, ಅದೂ ಕೆಲವೇ ಮಿಲಿಮೀಟರ್ ದೂರ. ಮಣ್ಣು ಒಣಗಿದರೆ ಆ ದಾರಿಯೇ ಕಡಿಯುತ್ತದೆ. ಜರ್ಮನಿ, ಕೆನಡಾದ ವಸಂತದ ತಣ್ಣನೆಯ ಮಣ್ಣಿನಲ್ಲಿ ನಡಿಗೆ ನಿಧಾನ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಬೇರಿಗೇ ಉಸಿರಾಡಲು ಗಾಳಿ ಸಾಲದು. ಹಾಗಾಗಿ ಗೊಬ್ಬರ ಹೆಚ್ಚಿಸುವ ಮುಂಚೆ ಹದವಾಗಿ ನೀರು ಕೊಟ್ಟು, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ ನೋಡಿ. ಚಳಿ ದೇಶದವರು ಮಾತ್ರ ಮಣ್ಣು ಬೆಚ್ಚಗಾದ ಮೇಲೆ ಹೊದಿಸಿ.

ಅತಿಯಾದರೂ ತೊಂದರೆಯೇ. ಪೊಟ್ಯಾಸಿಯಂ ಹೆಚ್ಚಾದರೆ ಗಿಡ ಮೆಗ್ನೀಸಿಯಂ ಹೀರುವುದು ಕಡಿಮೆಯಾಗಿ ಹಳೆಯ ಎಲೆಗಳ ನರಗಳ ನಡುವೆ ಹಳದಿ ಕಾಣುತ್ತದೆ. ಅದನ್ನು ನೋಡಿ ಮತ್ತಷ್ಟು ಪೊಟ್ಯಾಷ್ ಸುರಿಯುವವರು ಬಹಳ ಮಂದಿ.

ನಿಮ್ಮ ಮಣ್ಣು ಯಾವ ಬಗೆಯದು? ಈ ಶನಿವಾರ ಮಕ್ಕಳ ಕೈಗೆ ಖಾಲಿ ಉಪ್ಪಿನಕಾಯಿ ಬಾಟಲಿ ಕೊಡಿ. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಡಲಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ನಯವಾದ ರೇವೆಗೆ ಕೆಲವು ಗಂಟೆ ಬೇಕು, ಜೇಡಿಗೆ ಒಂದು ದಿನ ಅಥವಾ ಇನ್ನೂ ಹೆಚ್ಚು. ಪದರಗಳ ದಪ್ಪವನ್ನು ಮಕ್ಕಳೇ ಸ್ಕೇಲ್ ಹಿಡಿದು ಅಳೆಯಲಿ. ಜೇಡಿಯ ಪದರ ದಪ್ಪಗಿದ್ದೂ ಎಲೆಯಂಚು ಸುಡುತ್ತಿದ್ದರೆ ಮಣ್ಣುಪರೀಕ್ಷೆಗೆ ಕಳಿಸಿ. ಪೊಟ್ಯಾಸಿಯಂ ಜೊತೆಗೆ ಮೆಗ್ನೀಸಿಯಂ ಮತ್ತು ಪಿಎಚ್ ಕೂಡ ನೋಡಲು ಹೇಳಿ.