ಕಿಟಕಿಯ ಹಳೆಯ ಹೆಸರನ್ನು ಹಿಂದಿರುಗಿಸುವುದು ಹೇಗೆ?



ಗಣಕದ ತೆರೆಯ ಮೇಲೆ ನೀವು ಎರಡು ಟರ್ಮಿನಲ್ ಕಿಟಕಿಗಳನ್ನು ತೆರೆದಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ನಿಮ್ಮ ಸ್ವಂತ ಗಣಕದ್ದು. ಇನ್ನೊಂದು ಕಾಲೇಜಿನ ಸರ್ವರ್‌ನದು. ನೋಡಲು ಎರಡೂ ಒಂದೇ ಬಗೆ. ಬೇಗ ಗುರುತಿಗೆ ಸಿಗುವುದು ಮೇಲಿನ ಶೀರ್ಷಿಕೆ. ಅದೇ ತಪ್ಪಾಗಿದ್ದರೆ, ಕಡತ ಅಳಿಸಲು ಕೊಟ್ಟ ಆದೇಶ ಬೇರೆ ಕಿಟಕಿಗೆ ಹೋಗಿ, ವರ್ಷವಿಡೀ ಮಾಡಿದ ಕೆಲಸ ಅಳಿಸಿಹೋದೀತು!

ಶೀರ್ಷಿಕೆ ತಪ್ಪಾಗುವುದೇಕೆ? ಶೆಲ್ ಸ್ಕ್ರಿಪ್ಟ್ ಒಂದು ತನ್ನ ಕೆಲಸದ ಹೆಸರನ್ನು ಅಲ್ಲಿ ಬರೆದು, ಮುಗಿದ ಮೇಲೆ ಹಾಗೆಯೇ ಬಿಟ್ಟು ಹೋಗುವುದರಿಂದ.

ಟರ್ಮಿನಲ್‌ಗೆ ಬರುವ ಅಕ್ಷರಗಳೆಲ್ಲ ತೆರೆಯ ಮೇಲೆ ಮೂಡುವುದಿಲ್ಲ. 27 ಸಂಕೇತಸಂಖ್ಯೆಯ ಎಸ್ಕೇಪ್ ಅಕ್ಷರ ಬಂದರೆ, ಅದರ ಹಿಂದೆ ಬರುವುದು ಆದೇಶ ಎಂದು ಅರ್ಥ. 1978ರ ವಿ.ಟಿ.100 ಟರ್ಮಿನಲ್ಲೂ ಇದೇ ಕ್ರಮದಲ್ಲಿ ಕೆಲಸ ಮಾಡುತ್ತಿತ್ತು. 1984ರಲ್ಲಿ ಆರಂಭವಾದ ಎಕ್ಸ್‌ಟರ್ಮ್ ತಂತ್ರಾಂಶ ಈ ಪದ್ಧತಿಯನ್ನು ಮುಂದುವರಿಸಿ, ಶೀರ್ಷಿಕೆ ಬದಲಿಸುವ ಆದೇಶಗಳನ್ನೂ ಪಡೆಯಿತು.

ಹಾಗಾದರೆ ಹಳೆಯ ಶೀರ್ಷಿಕೆ ಯಾವುದೆಂದು ಟರ್ಮಿನಲ್ಲನ್ನೇ ಕೇಳಬಾರದೆ? ಕೇಳುವ ಆದೇಶವೂ ಉಂಟು. ಆದರೆ ಉತ್ತರವು ನೀವೇ ಕೀಲಿಮಣೆಯಲ್ಲಿ ಒತ್ತಿದಂತೆ ಶೆಲ್‌ಗೆ ತಲುಪುತ್ತದೆ. ಕಿಡಿಗೇಡಿಯೊಬ್ಬ ಶೀರ್ಷಿಕೆಯಲ್ಲೇ ಆದೇಶವನ್ನು ಅಡಗಿಸಿಟ್ಟಿದ್ದರೆ ಅಪಾಯ. ಆದ್ದರಿಂದ ಎಕ್ಸ್‌ಟರ್ಮ್ ಸಾಮಾನ್ಯವಾಗಿ ಇದಕ್ಕೆ ಉತ್ತರಿಸುವುದಿಲ್ಲ.

ಸುರಕ್ಷಿತ ದಾರಿ ಬೇರೆ. ಎಸ್ಕೇಪ್, ತೆರೆಯುವ ಚೌಕ ಆವರಣ, 22, ಅರ್ಧವಿರಾಮ, 0, ಕೊನೆಗೆ ಸಣ್ಣ 'ಟಿ' ಅಕ್ಷರ — ಇವನ್ನು ಪ್ರಿಂಟ್‌ಎಫ್ ಮೂಲಕ ಕಳುಹಿಸಿ. ಟರ್ಮಿನಲ್ ಈಗಿನ ಶೀರ್ಷಿಕೆಯನ್ನು ತನ್ನೊಳಗೇ ಎತ್ತಿಡುತ್ತದೆ. 22ರ ಬದಲು 23 ಕಳುಹಿಸಿದರೆ ಅದನ್ನು ಮರಳಿ ಹಾಕುತ್ತದೆ. ಈ ಸಂಗ್ರಹ ಒಂದರ ಮೇಲೊಂದಿಟ್ಟ ತಟ್ಟೆಗಳಂತೆ: ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಹೀಗಾಗಿ ಒಂದು ಸ್ಕ್ರಿಪ್ಟ್ ಇನ್ನೊಂದನ್ನು ಕರೆದರೂ ಗೊಂದಲವಿಲ್ಲ.

ಸ್ಕ್ರಿಪ್ಟ್ ನಡುವೆಯೇ ನಿಂತರೆ? ಬ್ಯಾಶ್ ಶೆಲ್‌ನಲ್ಲಿ ಟ್ರ್ಯಾಪ್ ಆದೇಶಕ್ಕೆ ಎಕ್ಸಿಟ್ ಎಂಬ ಪದ ಸೇರಿಸಿ, ಮರಳಿಸುವ ಕೆಲಸವನ್ನು ಮೊದಲೇ ಒಪ್ಪಿಸಿಡಿ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೂ ಅದು ನಡೆಯುತ್ತದೆ. 9ನೇ ಸಂಕೇತದಿಂದ ಕೊಂದರೆ ಮಾತ್ರ ನಡೆಯದು.

ಎರಡು ಎಚ್ಚರಿಕೆಗಳು. ಎಲ್ಲ ಟರ್ಮಿನಲ್‌ಗಳೂ ಈ ಆದೇಶವನ್ನು ಅರಿಯವು. ಫಲಿತಾಂಶವನ್ನು ಕಡತಕ್ಕೆ ತಿರುಗಿಸಿದಾಗ ಈ ಅಕ್ಷರಗಳೂ ಅಲ್ಲಿಗೇ ಸೇರುತ್ತವೆ. ಆದ್ದರಿಂದ ಎದುರಿಗಿರುವುದು ಟರ್ಮಿನಲ್ಲೇ ಎಂದು ಮೊದಲು ಪರೀಕ್ಷಿಸಿ.

ಎರವಲು ಪಡೆದ ಪುಸ್ತಕವನ್ನು ಇದ್ದ ಜಾಗದಲ್ಲೇ ಇಡುವುದು ಒಳ್ಳೆಯ ಓದುಗನ ಲಕ್ಷಣ. ಒಳ್ಳೆಯ ಸ್ಕ್ರಿಪ್ಟಿಗೂ ಇದೇ ಮಾತು ಸಲ್ಲುತ್ತದೆ.