ಒಡೆಯನನ್ನೇ ಕಳ್ಳನೆಂದು ಬಗೆಯುವ ಬೀಗ

ಗಾಡಿ ತನ್ನದು, ಕೀಲಿಕೈ ತನ್ನದು, ಪೆಟ್ರೋಲಿಗೆ ಹಣ ತೆತ್ತವನೂ ತಾನೇ. ಆದರೂ ಬೆಳಗ್ಗೆ ಕೆಲಸಕ್ಕೆ ಹೊರಟು ಕೀಲಿಕೈ ತಿರುವಿದರೆ ಎಂಜಿನ್ ಗುಡುಗಿ ಎದ್ದು, ಎರಡು ಮೂರು ಸೆಕೆಂಡುಗಳಲ್ಲಿ ಸದ್ದಡಗಿ ನಿಂತುಬಿಡುತ್ತದೆ. ಮತ್ತೆ ತಿರುವಿದರೆ ಮತ್ತೆ ಅದೇ ಕಥೆ. ಎದುರಿನ ಫಲಕದಲ್ಲಿ ‘ಸೆಕ್ಯೂರಿಟಿ’ ಎಂಬ ಪುಟ್ಟ ದೀಪವೊಂದು ಮಿಟುಕುತ್ತಿರುತ್ತದೆ. ಆತುರದಲ್ಲಿರುವವನ ಕಣ್ಣು ಅತ್ತ ಹೋಗುವುದಿಲ್ಲ. 1990ರ ದಶಕದಲ್ಲಿ ತಯಾರಾದ ಅಮೆರಿಕದ ಕಾರುಗಳನ್ನು ಇಟ್ಟುಕೊಂಡವರಲ್ಲಿ ಅನೇಕರು ಈ ಫಜೀತಿಯನ್ನು ಅನುಭವಿಸಿದವರೇ. ಪಂಪು ಕೆಟ್ಟಿತೆಂದು ಹೊಸ ಪಂಪು ಹಾಕಿಸಿ, ಬ್ಯಾಟರಿ ಬದಲಾಯಿಸಿ, ಡಾಲರುಗಳನ್ನು ನೀರಿನಂತೆ ಚೆಲ್ಲಿದ ಮೇಲೆ ತಿಳಿದುಬರುವ ಸಂಗತಿಯಿಷ್ಟೆ: ಎಂಜಿನ್ನಿಗೆ ಯಾವ ರೋಗವೂ ಇಲ್ಲ. ಗಾಡಿಯೊಳಗೆ ಕೂಡಿಸಿದ ಯಂತ್ರದ ಕಾವಲುಗಾರನು ಒಡೆಯನನ್ನು ಕಳ್ಳನೆಂದು ಬಗೆದಿದ್ದಾನೆ!

ಮೋಟಾರಿಗೆ ಇಂಥ ಕಾವಲು ಇಡುವ ಯೋಚನೆ ಹೊಸದಲ್ಲ. 1919ರಲ್ಲಿಯೇ ಸೇಂಟ್ ಜಾರ್ಜ್ ಇವಾನ್ಸ್ ಮತ್ತು ಎಡ್ವರ್ಡ್ ಬರ್ಕನ್‌ಬ್ಯೂಲ್ ಎಂಬವರು ಒಂಬತ್ತು ಸ್ವಿಚ್ಚುಗಳ ಫಲಕವೊಂದಕ್ಕೆ ಪೇಟೆಂಟ್ ಪಡೆದರು. ಸ್ವಿಚ್ಚುಗಳು ಒಡೆಯನು ನಿಶ್ಚಯಿಸಿದ ರೀತಿಯಲ್ಲಿ ಇದ್ದರೆ ಗಾಡಿ ಹೊರಡುವುದು. ಇಲ್ಲವಾದರೆ ಹಾರನ್ ಕೂಗಿ ಊರನ್ನೆಬ್ಬಿಸುವುದು.

ಕಾವಲನ್ನು ಕೀಲಿಕೈಯೊಳಗೇ ಅಡಗಿಸಿದ ಹೆಸರಾಂತ ಪ್ರಯೋಗ ನಡೆದುದು 1986ರಲ್ಲಿ. ಜನರಲ್ ಮೋಟಾರ್ಸ್ ಸಂಸ್ಥೆ ಆ ವರ್ಷ ತನ್ನ ಕಾರ್ವೆಟ್ ಗಾಡಿಯ ಕೀಲಿಕೈಯಲ್ಲಿ ಕಪ್ಪು ಗುಳಿಗೆಯೊಂದನ್ನು ಹುದುಗಿಸಿತು. ವಿದ್ಯುತ್ತಿನ ಹರಿವನ್ನು ಇಂತಿಷ್ಟೇ ಎಂದು ತಡೆಯುವ ರೋಧಕ ಅದು; 402 ಓಮ್‌ನಿಂದ 11,800 ಓಮ್‌ವರೆಗೆ 15 ಬಗೆ. ಬೀಗದೊಳಗಿನ ಸಂಪರ್ಕಗಳು ಗುಳಿಗೆಯನ್ನು ಮುಟ್ಟಿ ಅದರ ಅಳತೆಯನ್ನು ಕಾವಲಿನ ಪೆಟ್ಟಿಗೆಗೆ ತಿಳಿಸುವುವು. ಅಳತೆ ತಪ್ಪಿತೋ, ಸ್ಟಾರ್ಟರ್ ತಿರುಗದು, ಪೆಟ್ರೋಲ್ ಹರಿಯದು. ಕೆಲವು ನಿಮಿಷ ಕಾದ ಹೊರತು ಮರುಪ್ರಯತ್ನಕ್ಕೆ ಎಡೆಯಿಲ್ಲ. ಕಳ್ಳನು 15 ಬಗೆಯ ಕೀಲಿಕೈಗಳನ್ನೂ ತಂದನೆಂದರೂ ಪ್ರತಿಯೊಂದಕ್ಕೂ ಬೀದಿಯಲ್ಲಿ ಕಾಯುತ್ತ ಕೂರುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

ಏರ್ಪಾಡು ಜಾಣತನದ್ದು, ಅದನ್ನು ಕೆಡಿಸಿದುದು ಬೀಗದಿಂದ ಹೊರಡುವ ಎರಡು ಸಪುರ ತಂತಿಗಳು. ಕೀಲಿಕೈ ತಿರುವಿದಾಗಲೆಲ್ಲ ಬಾಗಿ ಬಾಗಿ, ಕೆಲವು ವರ್ಷಗಳಲ್ಲಿ ಅವು ಹೊದಿಕೆಯೊಳಗೇ ತುಂಡಾಗುತ್ತಿದ್ದುವು. ತುಂಡಾದ ತುದಿಗಳು ಒಮ್ಮೆ ತಾಗುವುವು, ಒಮ್ಮೆ ಅಗಲುವುವು. ಆದುದರಿಂದಲೇ ಈ ರೋಗಕ್ಕೆ ಕಣ್ಣುಮುಚ್ಚಾಲೆಯ ಸ್ವಭಾವ: ಮನೆಯ ಮುಂದೆ ಹಟ ಹಿಡಿದ ಗಾಡಿ ಮೆಕ್ಯಾನಿಕ್ಕನೆದುರು ಸಾಧುವಾಗಿ ಹೊರಡುವುದು.

1995ರ ಷೆವರ್ಲೆ ಕ್ಯಾವಲಿಯರ್ ಗಾಡಿಯೊಡನೆ ಬಂದ ‘ಪಾಸ್‌ಲಾಕ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಕೀಲಿಕೈಯಲ್ಲಿ ಏನೂ ಇಲ್ಲ. ಬೀಗದ ಉರುಳೆ ತಿರುಗಿದಾಗ ಅದರೊಳಗಿನ ಅಯಸ್ಕಾಂತವನ್ನು ಸಂವೇದಕವೊಂದು ಗುರುತಿಸಿ ಸಂಕೇತ ಕಳುಹಿಸುತ್ತದೆ. ಬೀಗ ಸವೆದು ಸಂಕೇತ ಕೆಟ್ಟರೆ ಇಂಜೆಕ್ಟರುಗಳು ಮುಚ್ಚಿಕೊಳ್ಳುತ್ತವೆ. ಎಂಜಿನ್ ಹೊತ್ತಿಕೊಂಡು ಆರಿಹೋಗುತ್ತದೆ. ಮೊದಲು ವರ್ಣಿಸಿದ ಬೆಳಗಿನ ಪೇಚಾಟಕ್ಕೆ ಹೆಚ್ಚಾಗಿ ಇದೇ ಕಾರಣ. ಈಚಿನ ಗಾಡಿಗಳಲ್ಲಾದರೋ ಕೀಲಿಕೈಯ ಹಿಡಿಯಲ್ಲಿ ಬ್ಯಾಟರಿಯೇ ಬೇಡದ ಸಣ್ಣ ಚಿಪ್ಪು ಕುಳಿತಿರುತ್ತದೆ. ಬೀಗವನ್ನು ಸುತ್ತಿದ ತಂತಿಯ ಸುರುಳಿಯಿಂದ ಶಕ್ತಿ ಪಡೆದು, ಅದು ತನ್ನ ಗುರುತನ್ನು ಪಿಸುಗುಟ್ಟುತ್ತದೆ. ಬ್ರಿಟನ್ನಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಇಂಥ ಕಾವಲು ಕಡ್ಡಾಯ.

ಹಾಗಾದರೆ ರೋಗವನ್ನು ಗುರುತಿಸುವುದೆಂತು? ಮೊದಲು ದೀಪವನ್ನು ನೋಡಬೇಕು. ಎಂಜಿನ್ ನಿಂತೊಡನೆ ಕಾವಲಿನ ದೀಪ ಮಿಟುಕಿದರೆ ಅರ್ಧ ಉತ್ತರ ದೊರೆತಂತೆ. ಎರಡನೆಯ ಕೀಲಿಕೈ ಮನೆಯಲ್ಲಿ ಇದ್ದೇ ಇರುತ್ತದೆ. ಅದರಿಂದ ಗಾಡಿ ಹೊರಟರೆ ದೋಷ ಮೊದಲನೆಯದರಲ್ಲಿ. ಚಿಪ್ಪಿನ ಕೀಲಿಕೈಯಾದರೆ, ಅದೇ ಗೊಂಚಲಿನಲ್ಲಿ ಬೇರೊಂದು ಗಾಡಿಯ ಕೀಲಿಕೈ ಸೇರಿ ಎರಡರ ಪಿಸುಮಾತೂ ಕಲಸಿಹೋಗಿರಬಹುದು. ಗುಳಿಗೆಯ ಕೀಲಿಕೈಯಾದರೆ ಸ್ಪಿರಿಟ್ಟಿನಿಂದ ಒರೆಸಿ ನೋಡಬಹುದು. ಸೊರಗಿದ ಬ್ಯಾಟರಿಯೂ ಕಾವಲುಗಾರನ ತಲೆ ಕೆಡಿಸಬಲ್ಲುದು.

ಪಾಸ್‌ಲಾಕ್ ಗಾಡಿಗೆ ಒಂದು ತಾಳ್ಮೆಯ ಚಿಕಿತ್ಸೆಯುಂಟು. ಎಂಜಿನ್ ನಿಂತ ಮೇಲೆ ಕೀಲಿಕೈಯನ್ನು ಹಿಂದಕ್ಕೆ ತಿರುವದೆ ‘ಆನ್’ ಸ್ಥಾನದಲ್ಲಿಯೇ ಬಿಟ್ಟು, ದೀಪ ಆರುವವರೆಗೆ, ಎಂದರೆ ಸುಮಾರು 10 ನಿಮಿಷ, ಕಾಯುವುದು. ಹಲವು ಮಾದರಿಗಳಲ್ಲಿ ಹೀಗೆ ಮೂರು ಬಾರಿ ಮಾಡಿದರೆ ಕಂಪ್ಯೂಟರು ಬೀಗದ ಹೊಸ ಸಂಕೇತವನ್ನೇ ಸರಿಯೆಂದು ಕಲಿತುಕೊಳ್ಳುತ್ತದೆ. ಅರ್ಧ ಗಂಟೆ ಹಿಡಿಯುವ ಈ ಕೆಲಸಕ್ಕೆ ಕೂರುವಾಗ ರೇಡಿಯೋ, ಫ್ಯಾನು, ದೀಪಗಳನ್ನು ಆರಿಸಿರುವುದು ಲೇಸು. ಮರಳಿ ಮರಳಿ ಹೀಗಾದರೆ ಸಂವೇದಕದ ಆಯಸ್ಸು ಮುಗಿಯಿತೆಂದೇ ಅರ್ಥ. ಕಾರ್ವೆಟ್ಟಿನಂಥ ಗಾಡಿಯಲ್ಲಿ ಮೆಕ್ಯಾನಿಕ್ಕನು ಬೀಗದ ತಂತಿಗಳಿಗೆ ಮೀಟರು ತಾಗಿಸಿ ಕೀಲಿಕೈ ತಿರುವುತ್ತಾನೆ. ಅಂಕಿ ಕುಣಿದಾಡಿದರೆ ತಂತಿ ಮುರಿದಿದೆ. ತಂತಿಗೆ ಬದಲಾಗಿ ಅದೇ ಅಳತೆಯ ರೋಧಕವನ್ನು ಬೆಸೆದು ಕಾವಲುಗಾರನನ್ನು ಶಾಶ್ವತವಾಗಿ ವಂಚಿಸುವವರೂ ಇದ್ದಾರೆ. ಗಾಡಿಯೇನೋ ಹೊರಡುತ್ತದೆ, ಆದರೆ ಆ ಬಳಿಕ ಅದು ಕಳ್ಳನಿಗೂ ಅಷ್ಟೇ ವಿಧೇಯ.

ಇಷ್ಟು ಹೇಳಿದುದು ಹೊರಡುವ ಮೊದಲೇ ನಿಲ್ಲುವ ಗಾಡಿಯ ಮಾತು. ಹೆದ್ದಾರಿಯಲ್ಲಿ ಓಡುತ್ತಿರುವಾಗ ನಿಲ್ಲುವ ಗಾಡಿಯ ಮಾತೇ ಬೇರೆ. ಇವೆರಡನ್ನೂ ಒಂದೇ ಎಂದು ಬಗೆಯುವುದು ಪ್ರಾಣಕ್ಕೆ ಎರವಾಗಬಹುದು. ಕಾರ್ಖಾನೆಯಿಂದಲೇ ಬಂದ ಕಾವಲು ಹೊಸ್ತಿಲಲ್ಲಿ ತಡೆಯುತ್ತದೆಯೇ ಹೊರತು ನಡುದಾರಿಯಲ್ಲಿ ಕತ್ತು ಹಿಸುಕುವುದಿಲ್ಲ. ಪಾಸ್‌ಲಾಕ್‌ನಲ್ಲಿ ಎಂಜಿನ್ ಒಮ್ಮೆ ಒಪ್ಪಿಗೆ ಪಡೆದು ಓಡತೊಡಗಿದ ಮೇಲೆ ಸಂಕೇತ ಕೆಟ್ಟರೂ ದೀಪ ಉರಿಯುವುದೇ ಹೊರತು ಗಾಡಿ ನಿಲ್ಲದು. ಕೀಲಿಕೈ ಓಟದ ಸ್ಥಾನದಲ್ಲಿರುವಾಗ ಕಾವಲು ಜಾರಿಗೆ ಬರಕೂಡದೆಂದು ವಿಶ್ವಸಂಸ್ಥೆಯ 116ನೆಯ ಮೋಟಾರು ನಿಯಮವೂ ವಿಧಿಸುತ್ತದೆ. ಅಂಗಡಿಯಲ್ಲಿ ಆಮೇಲೆ ಕೂಡಿಸಿದ ಅಲಾರಮ್ಮುಗಳು ಮಾತ್ರ ಇದಕ್ಕೆ ಅಪವಾದ. ಇಗ್ನಿಷನ್ ತಂತಿಯನ್ನು ಕತ್ತರಿಸಿ ಅರೆಬರೆಯಾಗಿ ಹೆಣೆದ ಗಂಟು ಓಟದಲ್ಲಿಯೇ ಸಡಿಲಬಹುದು. ಅಂಥದಿಲ್ಲದ ಗಾಡಿ ದಾರಿಯಲ್ಲಿ ನಿಂತರೆ ಪಂಪನ್ನು, ಕಾವೇರಿದಾಗ ಕೈಕೊಡುವ ಕ್ರ್ಯಾಂಕ್ ಸಂವೇದಕವನ್ನು, ಇಗ್ನಿಷನ್ ಸ್ವಿಚ್ಚನ್ನು ಶೋಧಿಸಬೇಕು.

ಆ ಸ್ವಿಚ್ಚಿನ ಕಥೆ ಅಮೆರಿಕವನ್ನೇ ನಡುಗಿಸಿತು. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಗಾಡಿಗಳಲ್ಲಿ ಸ್ವಿಚ್ಚಿನ ಬಿಗಿತ ಸಾಲದಾಗಿತ್ತು. ಕೀಲಿಕೈಯ ಗೊಂಚಲು ಭಾರವಾಗಿದ್ದರೆ, ಇಲ್ಲವೆ ಚಾಲಕನ ಮೊಣಕಾಲು ತಾಗಿದರೆ, ಅದು ಓಟದ ಸ್ಥಾನದಿಂದ ಜಾರುವುದು. ಎಂಜಿನ್ ನಿಲ್ಲುವುದಷ್ಟೇ ಅಲ್ಲ; ಸ್ಟಿಯರಿಂಗ್ ಗಡುಸಾಗುವುದು, ಡಿಕ್ಕಿಯಾದಾಗ ಕಾಪಾಡಬೇಕಾದ ಗಾಳಿಚೀಲ ಅರಳದೆ ಹೋಗುವುದು. ಕೀಲಿಕೈಯ ಗೊಂಚಲಿನಿಂದ ಭಾರದ ವಸ್ತುಗಳನ್ನು ತೆಗೆಯುವಂತೆ ಗಿರಾಕಿಗಳಿಗೆ ಹೇಳಿರೆಂದು 2005ರಲ್ಲಿ ಸಂಸ್ಥೆಯು ಮಾರಾಟಗಾರರಿಗೆ ಸೂಚನೆ ಕಳುಹಿಸಿತು. ಸ್ವಿಚ್ಚನ್ನು ಮರುವರ್ಷ ಸದ್ದಿಲ್ಲದೆ ತಿದ್ದಿಯೂ ಬಿಡಿಭಾಗದ ಸಂಖ್ಯೆಯನ್ನು ಮಾತ್ರ ಹಳೆಯದನ್ನೇ ಉಳಿಸಲಾಯಿತು. ಹೊಸದು ಯಾವುದು, ಹಳೆಯದು ಯಾವುದೆಂದು ತನಿಖೆಯವರು ತಡಕಾಡುವಂತಾಯಿತು. ಸುಮಾರು 26 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆದುದು 2014ರಲ್ಲಿ. ಸಂಸ್ಥೆಯು ತೆರೆದ ಪರಿಹಾರ ನಿಧಿಯು ಒಪ್ಪಿಕೊಂಡ ಸಾವುಗಳು 124.

ಹೊಸ ಸ್ವಿಚ್ಚು ಕೈಸೇರುವವರೆಗೆ ಒಡೆಯರು ಪಾಲಿಸಬೇಕಾದ ಕಟ್ಟಳೆಯೊಂದಿತ್ತು: ಗೊಂಚಲಿಲ್ಲದೆ, ಬಿಲ್ಲೆಯಿಲ್ಲದೆ, ಬರಿಯ ಕೀಲಿಕೈಯೊಂದನ್ನೇ ಬೀಗದಲ್ಲಿಟ್ಟು ಗಾಡಿ ಓಡಿಸುವುದು.